ಮಧ್ಯಾಹ್ನ ಹಿಡಿದಿಟ್ಟ ನೀರು: ಲಿಂಗನಮಕ್ಕಿಯ ಲೆಕ್ಕ ಕೇಳಿ ಒಂದು ಬಹಿರಂಗ ಪತ್ರ

ರಾಜ್ಯದ ಮಾನ್ಯ ಇಂಧನ ಸಚಿವರಿಗೆ ಮತ್ತು ಕರ್ನಾಟಕ ವಿದ್ಯುತ್ ನಿಗಮದ ಆಡಳಿತ ಮಂಡಳಿಗೆ ನಮಸ್ಕಾರಗಳು.

ಮಳೆಗಾಲ ಬಂತೆಂದರೆ ಸಾಗರ, ಹೊಸನಗರದ ಕಡೆ ಶರಾವತಿಯ ಲಿಂಗನಮಕ್ಕಿ ಜಲಾಶಯದ ಬಗ್ಗೆ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಡ್ಯಾಂ ಎಷ್ಟು ಅಡಿ ಆಯ್ತು? 1819 ಅಡಿ ಮುಟ್ಟಿದರೆ ಬಾಗಿನ, ಫೋಟೊ, ಜೋಗಕ್ಕೆ ಜನಜಾತ್ರೆ. ಮುಟ್ಟದಿದ್ದರೆ ಲೋಡ್‌ಶೆಡ್ಡಿಂಗಿನ ಭಯ. ಈ ಪತ್ರ ಕೇಳುತ್ತಿರುವುದು ಅದರ ಮುಂದಿನ ಪ್ರಶ್ನೆ. ತುಂಬಿದ ನೀರನ್ನು ಯಾವ ತಿಂಗಳು, ಯಾವ ಗಂಟೆಯಲ್ಲಿ ಖರ್ಚು ಮಾಡಲಾಯಿತು? ನಿತ್ಯ ಪ್ರಕಟವಾಗುವ ಅಂಕಿಗಳಲ್ಲಿ ಮಟ್ಟ, ಒಳಹರಿವು, ಹೊರಹರಿವು ಇರುತ್ತವೆ. ಬೆಳಗಿನ ಆರಕ್ಕೆ ಹರಿದ ನೀರೂ ಮಧ್ಯಾಹ್ನ ಒಂದಕ್ಕೆ ಹರಿದ ನೀರೂ ಅದೇ ಹೊರಹರಿವಿನ ಒಂದು ಸಂಖ್ಯೆಯೊಳಗೆ ಕಲಸಿಹೋಗಿರುತ್ತವೆ. ಇಪ್ಪತ್ತು ವರ್ಷದ ಹಿಂದೆ ಇದರಿಂದ ಅಂಥ ತೊಂದರೆಯೇನೂ ಇರಲಿಲ್ಲ. ಪಾವಗಡದಲ್ಲಿ 2050 ಮೆಗಾವಾಟಿನ ಸೌರ ಪಾರ್ಕು ಎದ್ದುನಿಂತ ಮೇಲೆ ಹಾಗಿಲ್ಲ. ಬಿಸಿಲಿರುವಾಗಿನ ಯೂನಿಟ್ಟಿಗೂ ಸಂಜೆ ಏಳರ ಯೂನಿಟ್ಟಿಗೂ ಈಗ ಬೆಲೆ ಒಂದೇ ಅಲ್ಲ.

ಈ ಕಣಿವೆಯಲ್ಲಿ ನೀರನ್ನು ಎತ್ತರದಲ್ಲಿ ಹಿಡಿದಿಡುವ ಯೋಚನೆ ಹೇಗೆ ಬೆಳೆಯಿತು ಎಂಬುದನ್ನು ಮೊದಲು ನೋಡಬೇಕು. ಈಗಿನ ಎಲ್ಲ ತಕರಾರುಗಳ ಬೇರು ಅಲ್ಲಿದೆ.

ಶರಾವತಿ ಹುಟ್ಟುವುದು ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ. ವಾಯವ್ಯಕ್ಕೆ ಹರಿದು, ಜೋಗದಲ್ಲಿ 253 ಮೀಟರ್ ಧುಮುಕಿ, ಹೊನ್ನಾವರದಲ್ಲಿ ಕಡಲು ಸೇರುತ್ತದೆ. ಸ್ವಾತಂತ್ರ್ಯಕ್ಕೆ ಮೊದಲು ಜೋಗದ ಒಂದು ದಡ ಮೈಸೂರು ಸಂಸ್ಥಾನದ್ದು, ಇನ್ನೊಂದು ಮುಂಬಯಿ ಪ್ರಾಂತ್ಯದ್ದು. ಮೈಸೂರು ಬಂಗಲೆ, ಬಾಂಬೆ ಬಂಗಲೆ ಎಂಬ ಹೆಸರುಗಳು ಆ ಕಾಲದ ಗುರುತಾಗಿ ಇಂದಿಗೂ ಉಳಿದಿವೆ. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಸಿದ್ದ ಮೈಸೂರು ಜೋಗಕ್ಕೆ ಕೈಹಾಕಿದ್ದು 1939ರಲ್ಲಿ. ಯುದ್ಧದ ದಿನಗಳನ್ನು ದಾಟಿ ಮೊದಲ ವಿದ್ಯುತ್ ಹರಿದದ್ದು 1948ರ ಫೆಬ್ರುವರಿ 21ರಂದು. ಕೃಷ್ಣರಾಜೇಂದ್ರ ಜಲವಿದ್ಯುತ್ ಕೇಂದ್ರ ಎಂದಿದ್ದ ಹೆಸರು ಆಮೇಲೆ ಮಹಾತ್ಮ ಗಾಂಧಿ ಕೇಂದ್ರ ಎಂದಾಯಿತು. ಮೊದಲು 12 ಮೆಗಾವಾಟಿನ ನಾಲ್ಕು ಯಂತ್ರ, ನಂತರ 18ರ ನಾಲ್ಕು, ಒಟ್ಟು 120 ಮೆಗಾವಾಟ್. ನವೀಕರಣದ ಬಳಿಕ ಅದೇ ಕೇಂದ್ರದ ಸಾಮರ್ಥ್ಯ 139.2 ಮೆಗಾವಾಟ್.

ಅದಕ್ಕೆ ನೀರು ಕೂಡಿಡಲು ಕಟ್ಟಿದ್ದು ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು. ಆ ಅಣೆಕಟ್ಟಿನ ವಿಶೇಷವೆಂದರೆ ಅದರ ಸೈಫನ್‌ಗಳು. ಗೇಟು ಎತ್ತಲು ಮೋಟರೂ ಬೇಡ, ರಾತ್ರಿ ಕಾವಲು ಕೂತ ನೌಕರನೂ ಬೇಡ. ನೀರು ಅಂಚಿನಿಂದ ತುಸು ಮೇಲೇರಿದರೆ ಆಲಿಕೆಯಂಥ ಬಾಯೊಳಗೆ ಸುಳಿಯಾಗಿ ಇಳಿಯುತ್ತದೆ, ಒಳಗಿನ ಗಾಳಿಯನ್ನು ಎಳೆದೊಯ್ಯುತ್ತದೆ, ಕೊಳವೆ ತುಂಬಿ ಪೂರ್ಣ ವೇಗದಲ್ಲಿ ಹರಿಯತೊಡಗುತ್ತದೆ. ಮಟ್ಟ ಇಳಿದು ಗಾಳಿ ನುಗ್ಗಿದ ಕೂಡಲೇ ತಾನೇ ನಿಲ್ಲುತ್ತದೆ. ಇಷ್ಟು ಜಾಣತನದಿಂದ ಕಟ್ಟಿದ ಅಣೆಕಟ್ಟು ಹದಿನಾರು ವರ್ಷ ತುಂಬುವುದರೊಳಗೆ ನೀರಿನಡಿ ಹೋಯಿತು. 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ಹಿರೇಭಾಸ್ಕರ ಅದರ ಹಿನ್ನೀರಿನೊಳಗೆ ಸೇರಿಕೊಂಡಿತು. ನೀರು ತೀರ ತಳ ಕಂಡ ಬೇಸಿಗೆಗಳಲ್ಲಿ ಅದರ ಸೈಫನ್ ಬುರುಜುಗಳು ಮೇಲೆ ಕಾಣಿಸುತ್ತವೆ, ನೋಡಲು ಜನ ಹೋಗುತ್ತಾರೆ. ಯೋಜನೆ ಹಾಕುವವರೂ ಒಮ್ಮೆ ಹೋಗಿ ನೋಡಿಬರುವುದು ಒಳ್ಳೆಯದು. ಇಪ್ಪತ್ತು ವರ್ಷ ಮುಂದಕ್ಕೆ ನೋಡದೆ ಕಟ್ಟಿದರೆ ಕಟ್ಟಿದ್ದನ್ನೇ ಮುಳುಗಿಸಬೇಕಾಗುತ್ತದೆ ಎನ್ನುವುದಕ್ಕೆ ರಾಜ್ಯದಲ್ಲಿ ಅದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ.

ಲಿಂಗನಮಕ್ಕಿಯ ಅಳತೆಯೇ ಬೇರೆ. ಎತ್ತರ 61 ಮೀಟರ್, ಜಲಾನಯನ ಪ್ರದೇಶ ಸುಮಾರು 1992 ಚದರ ಕಿ.ಮೀ., ಸಂಗ್ರಹ 151 ಟಿಎಂಸಿಗೂ ಮೇಲೆ. ತುಂಬಿದಾಗ ನೀರು ಹರಡಿಕೊಳ್ಳುವ ಜಾಗ 300 ಚದರ ಕಿ.ಮೀ. ದಾಟುತ್ತದೆ. ಮುಂದೆ ಚಕ್ರಾ, ಸಾವೇಹಕ್ಲು ಜಲಾಶಯಗಳ ನೀರನ್ನೂ ಇದಕ್ಕೇ ತಿರುಗಿಸಲಾಯಿತು. ಅಣೆಕಟ್ಟಿನ ಬುಡದಲ್ಲಿ 27.5 ಮೆಗಾವಾಟಿನ ಎರಡು ಯಂತ್ರಗಳಿವೆ. ಅಲ್ಲಿಂದ 4318 ಮೀಟರ್ ಉದ್ದದ ಕಾಲುವೆಯಲ್ಲಿ ನೀರು ತಲಕಳಲೆ ಸಮತೋಲನ ಜಲಾಶಯಕ್ಕೆ ಬರುತ್ತದೆ, ಅಲ್ಲಿಂದ ದಪ್ಪ ಉಕ್ಕಿನ ಕೊಳವೆಗಳಾದ ಹತ್ತು ಪೆನ್‌ಸ್ಟಾಕ್‌ಗಳಲ್ಲಿ ಘಟ್ಟದ ಬುಡದ ಶರಾವತಿ ಉತ್ಪಾದನಾ ಕೇಂದ್ರಕ್ಕೆ ಇಳಿಯುತ್ತದೆ. ಅಮೆರಿಕದ ನೆರವಿನಿಂದ ಶುರುವಾದ ಈ ಕೇಂದ್ರದ ಮೊದಲ ಯಂತ್ರ ತಿರುಗಿದ್ದು 1965ರಲ್ಲಿ, ಹತ್ತನೆಯದು 1977ರಲ್ಲಿ. ಆಗ ತಲಾ 89.1 ಮೆಗಾವಾಟ್, ಈಗ 103.5. ಒಟ್ಟು 1035 ಮೆಗಾವಾಟ್. ಇಲ್ಲಿಂದ ಹೊರಬಿದ್ದ ನೀರು ಈ ಶತಮಾನದ ಆರಂಭದಿಂದ ಗೇರುಸೊಪ್ಪೆಯಲ್ಲಿ ಇನ್ನೊಮ್ಮೆ ತಡೆಯಲ್ಪಟ್ಟು 60 ಮೆಗಾವಾಟಿನ ನಾಲ್ಕು ಯಂತ್ರಗಳನ್ನು ತಿರುಗಿಸಿ ಹೋಗುತ್ತಿದೆ.

ಈಗ ಲೆಕ್ಕಕ್ಕೆ ಬರೋಣ. ಪೆನ್ನು ಕಾಗದ ಹಿಡಿದರೆ ಹೈಸ್ಕೂಲು ಹುಡುಗರೂ ಮಾಡಬಹುದಾದ ಲೆಕ್ಕ ಇದು.

ಒಂದು ಟಿಎಂಸಿ ಎಂದರೆ 2.83 ಕೋಟಿ ಘನಮೀಟರ್ ನೀರು. ಶರಾವತಿ ಕೇಂದ್ರದಲ್ಲಿ ಅದು ಬೀಳುವ ಎತ್ತರ ಸುಮಾರು 440 ಮೀಟರ್. ಯಂತ್ರಗಳ ದಕ್ಷತೆ ನೂರಕ್ಕೆ 88 ಎಂದಿಟ್ಟುಕೊಂಡರೆ ಒಂದು ಟಿಎಂಸಿಯಿಂದ 3 ಕೋಟಿ ಯೂನಿಟ್ ಬರುತ್ತದೆ. ಗೇರುಸೊಪ್ಪೆಯದನ್ನೂ ಲಿಂಗನಮಕ್ಕಿ ಬುಡದ್ದನ್ನೂ ಕೂಡಿಸಿದರೆ ಇನ್ನೂ ತುಸು ಹೆಚ್ಚು, ಸದ್ಯಕ್ಕೆ ಅದನ್ನು ಬದಿಗಿಡೋಣ. ಜಲಾಶಯ ತುಂಬಿದಾಗ ಮೇಲಿನ ಒಂದು ಅಡಿಯಲ್ಲಿರುವ ನೀರು ಮೂರು ಟಿಎಂಸಿಗೂ ಜಾಸ್ತಿ. ಅಂದರೆ ಆಗಸ್ಟಿನಲ್ಲಿ 1818ಕ್ಕೂ 1819ಕ್ಕೂ ನಡುವಿನ ಆ ಒಂದು ಅಡಿಯಲ್ಲಿ ಹತ್ತಿರ ಹತ್ತಿರ ಹತ್ತು ಕೋಟಿ ಯೂನಿಟ್ ಕೂತಿದೆ. ತಳದ ಒಂದು ಅಡಿಯಲ್ಲಿ ಇಷ್ಟಿಲ್ಲ, ಅಲ್ಲಿ ನೀರಿನ ಹರವು ಚಿಕ್ಕದು. ಪತ್ರಿಕೆಯಲ್ಲಿ ‘ಇನ್ನು ಹತ್ತೇ ಅಡಿ ಬಾಕಿ’ ಎಂದು ಓದಿ ಸಮಾಧಾನಪಡುವವರಿಗೆ ಇದನ್ನು ಹೇಳಬೇಕು: ಆ ಹತ್ತಡಿ ಜಲಾಶಯದ ಹೊಟ್ಟೆಯ ಐದನೇ ಒಂದು ಪಾಲು.

ಇದೇ ಲೆಕ್ಕವನ್ನು ದಿನಕ್ಕೆ ಇಳಿಸಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ವರ್ಷಕ್ಕೆ 150 ಟಿಎಂಸಿ ಸಿಕ್ಕಿತು ಎನ್ನೋಣ, ದಿನಕ್ಕೆ 0.41 ಟಿಎಂಸಿ. ಅದರಿಂದ ಬರುವುದು ಸುಮಾರು 1.23 ಕೋಟಿ ಯೂನಿಟ್. ಹತ್ತೂ ಯಂತ್ರ ಪೂರ್ಣ ಭಾರದಲ್ಲಿ ನಡೆದರೆ ಹನ್ನೆರಡು ಗಂಟೆಯಲ್ಲಿ ಅಷ್ಟು ಯೂನಿಟ್ ಮುಗಿಯುತ್ತದೆ. ಬೆಳಿಗ್ಗೆ ಆರರಿಂದ ಹತ್ತು, ಸಂಜೆ ಆರರಿಂದ ಹನ್ನೊಂದು, ಹೀಗೆ ಒಂಬತ್ತು ಗಂಟೆ ಕೊಟ್ಟರೂ ಮೂರು ಗಂಟೆಯ ನೀರು ಆಪತ್ತಿಗೆ ಉಳಿಯುತ್ತದೆ. ಒಳ್ಳೆಯ ಮಳೆಯ ವರ್ಷದ ಮಾತು ಇದು, ಬರದ ವರ್ಷದಲ್ಲಿ ಬೇರೆ. ಆದರೆ ಬೇಸಿಗೆಯ ಮಧ್ಯಾಹ್ನದಲ್ಲಿ ಈ ಯಂತ್ರಗಳು ಸುಮ್ಮನಿರುವುದೇ ಲೇಸು ಎಂಬುದು ಎರಡೂ ಬಗೆಯ ವರ್ಷಕ್ಕೆ ಸಲ್ಲುತ್ತದೆ.

ಪೂರ್ಣ ಭಾರದಲ್ಲಿ ಒಂದು ಯಂತ್ರಕ್ಕೆ ಸೆಕೆಂಡಿಗೆ 27 ಘನಮೀಟರ್ ನೀರು ಬೇಕು, ಹತ್ತಕ್ಕೆ 270. ಲಿಂಗನಮಕ್ಕಿಯಿಂದ ತಲಕಳಲೆಗೆ ಬರುವ ಕಾಲುವೆಯ ಸಾಮರ್ಥ್ಯ 175.56 ಘನಮೀಟರ್. ಅಂದರೆ ಈ ಕೇಂದ್ರ ಹಗಲು ರಾತ್ರಿ ಒಂದೇ ಸಮನೆ ಪೂರ್ಣ ಓಡುವುದಕ್ಕೆ ಕಾಲುವೆಯೇ ಬಿಡುವುದಿಲ್ಲ. ಕಾಲುವೆ ನಿಧಾನವಾಗಿ ತುಂಬಬೇಕು, ತಲಕಳಲೆ ಕೂಡಿಟ್ಟುಕೊಳ್ಳಬೇಕು, ಬೇಡಿಕೆಯ ಹೊತ್ತಿಗೆ ಹತ್ತೂ ಯಂತ್ರ ಅದನ್ನು ಒಮ್ಮೆಗೇ ಎಳೆದುಕೊಳ್ಳಬೇಕು. ಸಂಜೆ ಐದು ಗಂಟೆ ಪೂರ್ಣ ಓಡಿಸಿದರೂ ಕಾಲುವೆ ಕೊಡದೆ ತಲಕಳಲೆಯೇ ಕೊಡಬೇಕಾದ ನೀರು 0.06 ಟಿಎಂಸಿ ಮಾತ್ರ. ರೂಪರೇಖೆಯಲ್ಲೇ ಇದು ಬೇಡಿಕೆಯ ಹೊತ್ತಿನ ಕೇಂದ್ರ. ಮೇಲೆ ಮಧ್ಯಾಹ್ನ ಬಿಡದೆ ಹಿಡಿದ ನೀರೇ ನಮ್ಮ ಮೊದಲ ಬ್ಯಾಟರಿ. ಅದಕ್ಕೆ ಪಂಪೂ ಬೇಡ, ಸುರಂಗವೂ ಬೇಡ, ಒಂದು ಮರವೂ ಬೀಳಬೇಕಿಲ್ಲ.

ಕೇಂದ್ರದಲ್ಲಿ ಕೆಲಸ ಮಾಡುವವರು ಇದಕ್ಕೆ ಕೊಡುವ ಉತ್ತರವೂ ನಮಗೆ ಗೊತ್ತು. ಗ್ರಿಡ್ ಕೇಳಿದಾಗ ಕೊಡಬೇಕು, ನಾವು ಆಯ್ಕೆ ಮಾಡುವಂತಿಲ್ಲ ಎನ್ನುತ್ತಾರೆ. ಸರಿ. ಮಧ್ಯಾಹ್ನ ಒಂದು ಉಷ್ಣ ಘಟಕ ಟ್ರಿಪ್ ಆದರೆ ನಿಮಿಷಗಳಲ್ಲಿ ಎದ್ದು ಭಾರ ಹೊರುವುದು ಶರಾವತಿಯೇ, ರಾಯಚೂರಿನ ಬಾಯ್ಲರಿಗೆ ಆ ವೇಗ ಬರಲಾರದು. ಮಳೆಗಾಲದಲ್ಲಿ ಜಲಾಶಯ ತುಂಬಿ ಗೇಟು ತೆರೆಯುವ ಹಂತಕ್ಕೆ ಬಂದಾಗ ಹಗಲು ರಾತ್ರಿ ಓಡಿಸದೆ ಗತಿಯಿಲ್ಲ, ಆಗ ನಿಲ್ಲಿಸಿದರೆ ನೀರು ವ್ಯರ್ಥ. ನಾವು ಕೇಳುತ್ತಿರುವುದು ಮಧ್ಯಾಹ್ನದ ಬಳಕೆಯನ್ನು ನಿಷೇಧಿಸಿ ಎಂದಲ್ಲ. ಮಧ್ಯಾಹ್ನ ಓಡಿಸಿದರೆ ಯಾಕೆ ಎಂದು ಬರೆದಿಡಿ ಎಂದು. ಗಂಟೆಗೆ ಒಂದು ಸಾಲು: ಎಷ್ಟು ಯಂತ್ರ, ಎಷ್ಟು ಮೆಗಾವಾಟ್, ಎಷ್ಟು ನೀರು, ಕಾರಣ. ಲಾಗ್ ಪುಸ್ತಕದಲ್ಲಿ ಕಾರಣದ ಹೊರತು ಉಳಿದದ್ದೆಲ್ಲ ಹೇಗೂ ದಾಖಲಾಗುತ್ತದೆ.

ಅದಕ್ಕೆ ಜೊತೆಯಾಗಿ ಬೇಕಾದ್ದು ದಿನಾಂಕವಾರು ಮಟ್ಟದ ನಿಯಮ. ಜುಲೈ 31ಕ್ಕೆ ಎಷ್ಟು ಅಡಿ ಇದ್ದರೆ ಹೇಗೆ ಓಡಿಸುವುದು, ಜನವರಿ 1ಕ್ಕೆ ಎಷ್ಟು ಉಳಿದಿರಬೇಕು, ಮೇ ಕೊನೆಗೆ ಕನಿಷ್ಠ ಎಷ್ಟು ನೀರಿನೊಂದಿಗೆ ಮುಂದಿನ ಮುಂಗಾರಿಗೆ ಕಾಯುವುದು ಎಂಬ ಪಟ್ಟಿ. 2023ರ ಮುಂಗಾರು ಕೈಕೊಟ್ಟಾಗ ಅಕ್ಟೋಬರ್‌ನಲ್ಲೇ ರಾಜ್ಯ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಬಳಸಿ ಖಾಸಗಿ ಉತ್ಪಾದಕರಿಂದ ವಿದ್ಯುತ್ ಪಡೆಯಬೇಕಾಯಿತು. ಮಳೆ ಯಾರ ಮಾತೂ ಕೇಳುವುದಿಲ್ಲ. ಆದರೆ ಒಂದು ವರ್ಷದ ಜೂನ್ 1ರಂದು ಜಲಾಶಯದಲ್ಲಿ ಉಳಿದಿದ್ದ ಹತ್ತು ಟಿಎಂಸಿ ಅಂಥ ಅಕ್ಟೋಬರ್‌ನಲ್ಲಿ 30 ಕೋಟಿ ಯೂನಿಟ್ ಆಗುತ್ತದೆ. ಅದನ್ನು ಹಿಂದಿನ ಮಾರ್ಚಿನ ಮಧ್ಯಾಹ್ನಗಳಲ್ಲಿ ಕಳೆದಿದ್ದೆವೋ ಇಲ್ಲವೋ ಎಂದು ಹೇಳಲು ಗಂಟೆವಾರು ಲೆಕ್ಕ ಬೇಕು.

ಇನ್ನು ಹೊಸ ಯೋಜನೆ. ತಲಕಳಲೆಯನ್ನು ಮೇಲಿನ ಜಲಾಶಯವಾಗಿ, ಗೇರುಸೊಪ್ಪೆಯನ್ನು ಕೆಳಗಿನದಾಗಿ ಇಟ್ಟುಕೊಂಡು, ನಡುವೆ ನೆಲದಡಿ 250 ಮೆಗಾವಾಟಿನ ಎಂಟು ಯಂತ್ರ ಕೂರಿಸುವ 2000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್, ಅಂದರೆ ವಿದ್ಯುತ್ ಹೆಚ್ಚಿದ್ದಾಗ ನೀರನ್ನು ಮೇಲಕ್ಕೆ ಪಂಪು ಮಾಡಿಟ್ಟು ಬೇಕಾದಾಗ ಮತ್ತೆ ಬೀಳಿಸುವ ಏರ್ಪಾಡು. ಜಾಗ ಸಿಂಗಳೀಕ ಅಭಯಾರಣ್ಯದ ಒಳಗೆ. ಕಾಡಿನ ಪ್ರಶ್ನೆಯನ್ನು ನಮಗಿಂತ ಚೆನ್ನಾಗಿ ಬಲ್ಲವರು ಎತ್ತಿದ್ದಾರೆ, ಎತ್ತುತ್ತಲೂ ಇದ್ದಾರೆ. ನಾವು ನೀರಿನ ಪ್ರಶ್ನೆಗೆ ಅಂಟಿಕೊಳ್ಳುತ್ತೇವೆ.

ಆರು ಗಂಟೆ ಪೂರ್ಣ ಉತ್ಪಾದಿಸಿದರೆ 1.2 ಕೋಟಿ ಯೂನಿಟ್, ಅದಕ್ಕೆ ಬೇಕಾದ ನೀರು 0.37 ಟಿಎಂಸಿ ಆಸುಪಾಸು. ಆ ನೀರನ್ನು ಮತ್ತೆ ಮೇಲಕ್ಕೆ ಏರಿಸಲು ಸುಮಾರು 1.5 ಕೋಟಿ ಯೂನಿಟ್ ಖರ್ಚು. ಐದು ಕೊಟ್ಟು ನಾಲ್ಕು ಪಡೆಯುವ ವ್ಯವಹಾರ. ದಿನಕ್ಕೆ 30 ಲಕ್ಷ ಯೂನಿಟ್ ನಷ್ಟ, ಈಗಿನ ಶರಾವತಿ ಕೇಂದ್ರದ ಅಳತೆಯಲ್ಲಿ 0.1 ಟಿಎಂಸಿ ನೀರಿಗೆ ಸಮ. ವರ್ಷಕ್ಕೆ 300 ದಿನ ನಡೆದರೆ 30 ಟಿಎಂಸಿ. ಈ ನಷ್ಟ ಮಾತ್ರಕ್ಕೇ ಯೋಜನೆ ತಪ್ಪು ಎನ್ನಲಾಗದು. ಮಧ್ಯಾಹ್ನದ ಸೌರವಿದ್ಯುತ್ತನ್ನು ಕೊಳ್ಳುವವರಿಲ್ಲದೆ ನಿಲ್ಲಿಸಬೇಕಾದ ಸಂದರ್ಭ ಬಂದರೆ, ಬಿಸಾಡುವುದಕ್ಕಿಂತ ನಾಲ್ಕು ಪಾಲು ಉಳಿಸುವುದು ಲಾಭವೇ. ಆದರೆ ಅದಕ್ಕೊಂದು ಷರತ್ತಿದೆ. ಒಂದು ಕಡೆ ಪಂಪು ಮಾಡುತ್ತಾ ಅದೇ ಹೊತ್ತಿಗೆ ಹಳೆಯ ಹತ್ತು ಯಂತ್ರಗಳನ್ನು ಓಡಿಸಿದರೆ, ಬಕೆಟ್ಟಿನಲ್ಲಿ ನೀರೆತ್ತಿ ತೂತಿನ ಹಂಡೆಗೆ ಸುರಿದಂತೆ. ಹಳೆಯ ಕೇಂದ್ರದ ಮಧ್ಯಾಹ್ನದ ಉತ್ಪಾದನೆ ಎಷ್ಟು ಎಂಬ ಅಂಕಿ ಮೇಜಿನ ಮೇಲೆ ಬರದೆ ಹೊಸ ಯೋಜನೆಯ ಅಗತ್ಯ ಎಷ್ಟು ಎಂದು ಯಾರೂ ಪ್ರಾಮಾಣಿಕವಾಗಿ ಹೇಳಲಾರರು. ಮೊದಲ ಬ್ಯಾಟರಿಯನ್ನು ಎಷ್ಟು ಬಳಸಿದ್ದೇವೆ ಎಂದು ತೋರಿಸಿ, ಆಮೇಲೆ ಎರಡನೆಯದರ ಮಾತು.

ಇನ್ನೊಂದು ತೊಡಕು ತಲಕಳಲೆಯದೇ. ಸಂಜೆ ಹೊಸ ಎಂಟು ಯಂತ್ರಗಳು ಸೆಕೆಂಡಿಗೆ 490 ಘನಮೀಟರ್ ಎಳೆಯುತ್ತವೆ, ಹಳೆಯ ಹತ್ತು 270. ಬರುವುದು ಗರಿಷ್ಠ 175. ಆರು ಗಂಟೆಯಲ್ಲಿ ತಲಕಳಲೆಯಿಂದ 0.45 ಟಿಎಂಸಿ ಇಳಿಯುತ್ತದೆ, ಮರುದಿನ ಮತ್ತೆ ಏರುತ್ತದೆ. ಜಲಾಶಯದ ಮಟ್ಟ ತಿಂಗಳುಗಳಲ್ಲಿ ಇಳಿಯುವುದು ಬೇರೆ, ಗಂಟೆಗಳಲ್ಲಿ ಇಳಿಯುವುದು ಬೇರೆ. ದಡದ ಮಣ್ಣು ನೀರು ಕುಡಿದು ಭಾರವಾಗಿರುತ್ತದೆ. ಎದುರಿನ ನೀರಿನ ಒತ್ತು ಸರಕ್ಕನೆ ಹೋದರೆ ಒಳಗಿನ ನೀರಿಗೆ ಹೊರಬರಲು ಸಮಯ ಸಿಗದೆ ದಡ ಜಾರುತ್ತದೆ. ಜಂಬಿಟ್ಟಿಗೆ ಮಣ್ಣಿನ ಇಳಿಜಾರು, ಮೇಲಿಂದ ಮಲೆನಾಡಿನ ಮಳೆ, ಕೆಳಗೆ ದಿನವೂ ಏರಿಳಿತ. ದಡದಲ್ಲಿ ಒತ್ತಡಮಾಪಕಗಳನ್ನು ಹೂತು ಒಂದು ಪೂರ್ಣ ಮಳೆಗಾಲ ಅಳೆದ ಅಂಕಿಗಳು ನಿಮ್ಮ ಬಳಿ ಇದ್ದರೆ ಪ್ರಕಟಿಸಿ. ಗೇರುಸೊಪ್ಪೆಯ ಕಡೆ ಪ್ರಶ್ನೆ ತಿರುವುಮುರುವು. ಮಧ್ಯಾಹ್ನ ಪಂಪು 0.37 ಟಿಎಂಸಿಯನ್ನು ಎಳೆದುಕೊಳ್ಳುವ ಹೊತ್ತಿಗೆ ಅಲ್ಲಿನ 240 ಮೆಗಾವಾಟಿನ ಯಂತ್ರಗಳ ಪಾಲು ಏನು, ಹೊನ್ನಾವರದ ಕಡೆಗೆ ಕನಿಷ್ಠ ಎಷ್ಟು ನೀರು ಎಂದೂ ನಿಲ್ಲದೆ ಹರಿಯಬೇಕು? ನದಿಯ ಹರಿವು ಸೊರಗಿದಷ್ಟೂ ಕಡಲಿನ ಉಪ್ಪುನೀರು ಒಳಗೆ ಬರುತ್ತದೆ. ತೋಟದ ಬಾವಿಗೆ ಉಪ್ಪು ಹತ್ತಿದ ಮೇಲೆ ಪರಿಹಾರದ ಚೆಕ್ಕಿನಿಂದ ಅದು ಸಿಹಿಯಾಗುವುದಿಲ್ಲ.

ಬೆಂಗಳೂರಿಗೆ ಶರಾವತಿ ನೀರು ಎಂಬ ಪ್ರಸ್ತಾಪಕ್ಕೂ ಇದೇ ಅಳತೆಗೋಲು ಹಿಡಿಯಬಹುದು. 2019ರಲ್ಲಿ ಅದು ಎದ್ದಾಗ ಶಿವಮೊಗ್ಗ ಬಂದ್ ಆಯಿತು, ವಿಷಯ ತಣ್ಣಗಾಯಿತು, ಆದರೆ ಸತ್ತಿಲ್ಲ. ಲಿಂಗನಮಕ್ಕಿಯ ತುಂಬು ಮಟ್ಟ ಸಮುದ್ರದಿಂದ 554 ಮೀಟರ್. ಬೆಂಗಳೂರು 900 ದಾಟಿದೆ. ಕೊಳವೆಯ ಘರ್ಷಣೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೂ 350 ಮೀಟರ್ ಎತ್ತಬೇಕು. ಒಂದು ಟಿಎಂಸಿಗೆ 3.3 ಕೋಟಿ ಯೂನಿಟ್ ಖರ್ಚು. ಇಲ್ಲಿ ಬೀಳದೆ ಹೋದದ್ದರಿಂದ ಕಳೆದದ್ದು 3 ಕೋಟಿ. ಒಟ್ಟು ಪ್ರತಿ ಟಿಎಂಸಿಗೆ 6.3 ಕೋಟಿ ಯೂನಿಟ್. ಆಗ ಮಾತಾಡಿದ್ದ 30 ಟಿಎಂಸಿಗೆ ವರ್ಷಕ್ಕೆ 190 ಕೋಟಿ. ಘಟ್ಟದ ಅಂಚಿನಲ್ಲಿ ಬೀಳಲು ತಯಾರಾಗಿ ನಿಂತ ನೀರನ್ನು ತಿರುಗಿಸಿ ಗುಡ್ಡ ಹತ್ತಿಸುವುದಕ್ಕಿಂತ ದುಬಾರಿ ನೀರು ರಾಜ್ಯದಲ್ಲಿ ಇನ್ನೆಲ್ಲಿ ಸಿಕ್ಕೀತು? ಈ ಪ್ರಸ್ತಾಪಕ್ಕೆ ಇಷ್ಟು ಸಾಲು ಸಾಕು.

ಯಂತ್ರಗಳ ವಿಚಾರ ಹಾಗಲ್ಲ, ಅಲ್ಲಿ ಸ್ವಲ್ಪ ನಿಲ್ಲಬೇಕು. ಆದಷ್ಟು ಬೆಳಿಗ್ಗೆ ಸಂಜೆಯೇ ಓಡಿಸಿ ಎಂದು ನಾವು ಕೇಳುತ್ತಿದ್ದೇವೆ. ಅದಕ್ಕೂ ಒಂದು ಬೆಲೆ ಇದೆ, ಅದನ್ನು ಮುಚ್ಚಿಟ್ಟು ವಾದಿಸುವುದು ಸರಿಯಲ್ಲ. 440 ಮೀಟರ್ ಎತ್ತರದ ನೀರು ನಾಝಲ್ಲಿನಿಂದ ಹೊರಬರುವಾಗ ಅದರ ವೇಗ ಗಂಟೆಗೆ 330 ಕಿ.ಮೀ. ಆ ಧಾರೆ, ಅಂಚಿನುದ್ದಕ್ಕೂ ಬಕೆಟ್ಟುಗಳಿರುವ ಪೆಲ್ಟನ್ ಚಕ್ರದ ಒಂದೊಂದು ಬಕೆಟ್ಟಿಗೂ ಸೆಕೆಂಡಿಗೆ ಹಲವು ಸಲ ಅಪ್ಪಳಿಸುತ್ತದೆ. ಬಿರುಕು ಶುರುವಾಗುವುದು ಬಕೆಟ್ಟಿನ ಬುಡದಲ್ಲಿ, ಕಣ್ಣಿಗೆ ಕಾಣುವ ಮೊದಲೇ. ಬಣ್ಣದ ದ್ರವ ಹಚ್ಚಿಯೋ ಅಲ್ಟ್ರಾಸಾನಿಕ್ ಹಿಡಿದೋ ಹುಡುಕಬೇಕು. ನಾಝಲ್ಲಿನ ಸೂಜಿಯ ತುದಿ ಮರಳಿಗೆ ಸವೆದರೆ ಧಾರೆ ಚದುರುತ್ತದೆ. ಚದುರಿದ ಧಾರೆ ದಕ್ಷತೆಯನ್ನು ತಿನ್ನುತ್ತದೆ, ಬಕೆಟ್ಟಿನ ಬೆನ್ನನ್ನೂ ತಿನ್ನುತ್ತದೆ.

ಲೈನು ಟ್ರಿಪ್ ಆಗಿ ಭಾರ ಒಮ್ಮೆಲೆ ಹೋದಾಗ ಆಗುವುದನ್ನು ನೋಡಿ. ಚಕ್ರ ಹದ್ದುಮೀರಿ ತಿರುಗದಂತೆ ನೀರನ್ನು ತಕ್ಷಣ ತಪ್ಪಿಸಬೇಕು. ಆದರೆ ನಾಝಲ್ಲನ್ನು ತಕ್ಷಣ ಮುಚ್ಚುವಂತಿಲ್ಲ. ಉದ್ದನೆಯ ಪೆನ್‌ಸ್ಟಾಕಿನಲ್ಲಿ ಓಡುತ್ತಿದ್ದ ನೀರು ಗಕ್ಕನೆ ನಿಂತರೆ ಒತ್ತಡದ ಅಲೆ ಎದ್ದು ಕೊಳವೆಯನ್ನೇ ಸೀಳಬಹುದು. ಹಾಗಾಗಿ ಡಿಫ್ಲೆಕ್ಟರ್ ಎಂಬ ತಟ್ಟೆ ಮೊದಲು ಧಾರೆಗೆ ಅಡ್ಡ ಬಂದು ಅದನ್ನು ಚಕ್ರದಿಂದ ಆಚೆ ತಿರುಗಿಸುತ್ತದೆ, ಸೂಜಿ ಆಮೇಲೆ ನಿಧಾನವಾಗಿ ಮುಚ್ಚುತ್ತದೆ. ಈ ಇಬ್ಬರ ಕಾಲಮಾನ ತಪ್ಪಿದರೆ ಒಂದೋ ಚಕ್ರಕ್ಕೆ ಅಪಾಯ, ಇಲ್ಲವೋ ಕೊಳವೆಗೆ. ದಿನಕ್ಕೆ ಎರಡು ಸಲ ನಿಲ್ಲಿಸಿ ಹೊರಡಿಸುವ ಯಂತ್ರದಲ್ಲಿ ಇವೆಲ್ಲ ಹೆಚ್ಚು ದುಡಿಯುತ್ತವೆ. ಜನರೇಟರಿನ ತಿರುಗದ ಭಾಗವಾದ ಸ್ಟೇಟರಿನ ಸುರುಳಿ ಕಾದು ತಣಿದು ಕಾದು ಅದರ ನಿರೋಧಕ ಪದರ ಸಡಿಲಗೊಳ್ಳುತ್ತದೆ. ಹೊರಡುವ ಮೊದಲ ಸುತ್ತುಗಳಲ್ಲಿ ತಿರುಗುವ ಭಾಗದ ಭಾರ ಹೊರುವ ಥ್ರಸ್ಟ್ ಬೇರಿಂಗಿನ ಮೇಲೆ ಎಣ್ಣೆಯ ಪದರ ಇನ್ನೂ ಕೂತಿರುವುದಿಲ್ಲ. ಬ್ರೇಕರಿನ ಆಯಸ್ಸು ಅದು ಎಷ್ಟು ಸಲ ತೆರೆದು ಮುಚ್ಚಿತು ಎಂಬ ಎಣಿಕೆಯ ಮೇಲೆ ನಿಂತಿದೆ. ಆದ್ದರಿಂದ ದುರಸ್ತಿಯ ಪಟ್ಟಿಯನ್ನು ಓಡಿದ ಗಂಟೆಗಳ ಮೇಲೆ ಮಾತ್ರ ಹಾಕದೆ, ಎಷ್ಟು ಸಲ ಹೊರಟಿತು ನಿಂತಿತು ಎಂಬ ಎಣಿಕೆಯ ಮೇಲೂ ಹಾಕಬೇಕು. ಒಂದೇ ಸಮಾಧಾನ: ಪೆಲ್ಟನ್ ಯಂತ್ರ ಅರ್ಧ ಭಾರದಲ್ಲೂ ದಕ್ಷತೆಯನ್ನು ಅಷ್ಟಾಗಿ ಬಿಟ್ಟುಕೊಡುವುದಿಲ್ಲ. ಹತ್ತರಲ್ಲಿ ನಾಲ್ಕನ್ನು ಕಡಿಮೆ ಭಾರದಲ್ಲಿ ಓಡುತ್ತಾ ಇಟ್ಟು, ಬೇಕಾದಾಗ ಏರಿಸಿ, ಹೊರಡು–ನಿಲ್ಲುವ ಸಂಖ್ಯೆಯನ್ನು ತಗ್ಗಿಸಬಹುದು.

2016ರ ಫೆಬ್ರುವರಿಯಲ್ಲಿ ಶರಾವತಿ ಕೇಂದ್ರದ ಕಂಟ್ರೋಲ್ ರೂಮಿನಲ್ಲಿ ಬೆಂಕಿ ಬಿದ್ದು ಹತ್ತೂ ಯಂತ್ರ ನಿಂತದ್ದು ಎಲ್ಲರಿಗೂ ನೆನಪಿದೆ. ಬೇಸಿಗೆಯ ಹೊಸ್ತಿಲಲ್ಲಿ, ಜಲಾಶಯದಲ್ಲಿ ನೀರಿದ್ದೂ, ಯಂತ್ರಗಳಿದ್ದೂ, ರಾಜ್ಯಕ್ಕೆ 1035 ಮೆಗಾವಾಟ್ ಇಲ್ಲವಾಯಿತು. ಕೇಬಲ್ಲಿನ ಬೆಂಕಿಯ ಗುಣವೇ ಹಾಗೆ. ಹೊತ್ತಿದ ಜಾಗ ಚಿಕ್ಕದು, ಆದರೆ ಕೇಬಲ್ ಹಾದಿಯ ತೂತುಗಳು ಮುಚ್ಚಿರದಿದ್ದರೆ ಒಂದು ಯಂತ್ರದಿಂದ ಇನ್ನೊಂದಕ್ಕೆ ಅದೇ ದಾರಿಯಾಗುತ್ತದೆ. ಗೋಡೆ, ನೆಲದಲ್ಲಿ ಕೇಬಲ್ ತೂರುವ ಪ್ರತಿ ಕಿಂಡಿಗೂ ಬೆಂಕಿ ತಡೆಯುವ ಭರ್ತಿ ಇದೆಯೇ, ಹೊಸ ಕೇಬಲ್ ಎಳೆದಾಗ ಕಿತ್ತ ಭರ್ತಿಯನ್ನು ಮತ್ತೆ ತುಂಬಿದರೇ, ಹತ್ತು ಯಂತ್ರಗಳ ನಿಯಂತ್ರಣ ಕೇಬಲ್ಲುಗಳು ಎರಡು ಬೇರೆ ಹಾದಿಯಲ್ಲಿ ಹೋಗುತ್ತಿವೆಯೇ? ಈ ಮೂರು ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂಬ ಉತ್ತರ ಸಾಕು, ವರದಿ ಬೇಡ.

ಅಣೆಕಟ್ಟಿನ ಬಗ್ಗೆಯೂ ಇಂಥದೇ ಕೆಲವು. 2024ರ ಆಗಸ್ಟ್‌ನಲ್ಲಿ ತುಂಗಭದ್ರೆಯ 19ನೇ ಗೇಟಿನ ಸರಪಳಿ ತುಂಡಾಗಿ, ಹರಿವ ನೀರಿನಲ್ಲೇ ತಾತ್ಕಾಲಿಕ ತಡೆಯಾದ ಸ್ಟಾಪ್‌ಲಾಗ್ ಇಳಿಸುವ ಸಾಹಸ ಮಾಡಬೇಕಾಯಿತು. ಲಿಂಗನಮಕ್ಕಿಯ ಹನ್ನೊಂದು ಗೇಟುಗಳು ಕಮಾನಿನಂತೆ ಬಾಗಿ ಕೀಲಿನ ಮೇಲೆ ತಿರುಗುವ ರೇಡಿಯಲ್ ಮಾದರಿಯವು, ಅಲ್ಲಿಯಂತಲ್ಲ. ಆದರೂ ತುಕ್ಕಿಗೆ ಮಾದರಿಯ ಭೇದವಿಲ್ಲ. ಇಲ್ಲಿ ನೋಡಬೇಕಾದ್ದು ಎತ್ತುವ ಹಗ್ಗದ ಎಳೆಗಳು, ಗೇಟು ತಿರುಗುವ ಟ್ರನಿಯನ್ ಕೀಲಿನ ಗ್ರೀಸು, ಅಂಚಿನ ರಬ್ಬರ್ ಸೀಲು, ಕರೆಂಟು ಹೋದಾಗ ಎತ್ತುವ ಡೀಸೆಲ್ ಜನರೇಟರು. ಪ್ರತಿ ಗೇಟನ್ನೂ ಮೇ ತಿಂಗಳಲ್ಲಿ, ಒಣಗಿರುವಾಗಲೇ, ಪೂರ್ತಿ ಎತ್ತಿ ಇಳಿಸಿ ನೋಡಬೇಕು. ಒಂದಡಿ ಎತ್ತಿ ‘ಪರೀಕ್ಷೆ ಆಯ್ತು’ ಎಂದು ಬರೆಯುವುದು ಪರೀಕ್ಷೆ ಅಲ್ಲ. ಒಳಗಿನ ಗ್ಯಾಲರಿಯಲ್ಲಿ ಸೋರುವ ನೀರನ್ನು ವಿ ಆಕಾರದ ಕಚ್ಚಿನಲ್ಲಿ ಅಳೆಯುತ್ತಾರೆ. ಸೋರಿಕೆ ಇರುವುದೇ ಅಪಾಯವಲ್ಲ, ಜಲಾಶಯ ಏರಿದಂತೆ ಅದೂ ಏರುವುದು ಸಹಜ. ಹಿಂದಿನ ವರ್ಷ ಇದೇ ಮಟ್ಟದಲ್ಲಿ ಇದ್ದದ್ದಕ್ಕಿಂತ ಹೆಚ್ಚಾದರೆ, ಇಲ್ಲವೇ ತಿಳಿಯಾಗಿದ್ದ ನೀರು ಕದಡಿ ಬಂದರೆ ಅದು ಸುದ್ದಿ. ಅಣೆಕಟ್ಟು ಸುರಕ್ಷತಾ ಕಾಯ್ದೆ 2021ರ ಪ್ರಕಾರ ಮಳೆಗಾಲದ ಮೊದಲೂ ನಂತರವೂ ತಪಾಸಣೆ, ತುರ್ತು ಕ್ರಿಯಾ ಯೋಜನೆ ಕಡ್ಡಾಯ. ಆ ಯೋಜನೆಯ ಕನ್ನಡ ಪ್ರತಿ ಗೇರುಸೊಪ್ಪೆಯಿಂದ ಹೊನ್ನಾವರದವರೆಗಿನ ಪ್ರತಿ ಗ್ರಾಮ ಪಂಚಾಯಿತಿಯ ಕೈಯಲ್ಲಿರಬೇಕು.

ಹೂಳನ್ನು ಮರೆಯುವಂತಿಲ್ಲ. ಜಲಾನಯನದ ಪಶ್ಚಿಮ ಅಂಚಿನಲ್ಲಿ ವರ್ಷಕ್ಕೆ 4500ರಿಂದ 5000 ಮಿ.ಮೀ. ಮಳೆ, ಪೂರ್ವದಲ್ಲಿ ಅದರ ಅರ್ಧಕ್ಕೂ ಕಡಿಮೆ. ಕಾಡು ತೆಗೆದು ನೆಡುತೋಪು ಹಾಕಿದ ಕಡೆ, ರಸ್ತೆಗೆ ಗುಡ್ಡ ಕಡಿದ ಕಡೆ ಮೊದಲ ಮಳೆಗೇ ಹಳ್ಳ ಕೆಂಪಾಗುತ್ತದೆ. ಅಳೆಯದ ಹೂಳಿನ ಮೇಲೆ 151 ಟಿಎಂಸಿ ಎಂದು ಬರೆಯುತ್ತಾ ಹೋದರೆ ನಮ್ಮ ಎಲ್ಲ ಲೆಕ್ಕವೂ ಹಳೆಯ ಹಂಡೆಯ ಲೆಕ್ಕ. ಹೊಸ ಅಳತೆ ಆದಾಗ ಅಡಿ–ಟಿಎಂಸಿ ಪಟ್ಟಿಯನ್ನು ಹೊಸದಾಗಿ ಮುದ್ರಿಸಿ, ಹಳೆಯದರ ಪಕ್ಕದಲ್ಲೇ ಇಡಿ.

ಕೊನೆಗೆ ಮುಳುಗಡೆಯವರ ವಿಷಯ. ಇದು ವಿದ್ಯುತ್ ಲೆಕ್ಕದ ಹೊರಗಿನದೆಂದು ಯಾರೂ ಹೇಳದಿರಲಿ. ಆ 300 ಚದರ ಕಿ.ಮೀ. ಖಾಲಿ ಜಾಗವಾಗಿರಲಿಲ್ಲ. ಅಲ್ಲಿಂದ ಎದ್ದವರಿಗೆ ತೋರಿಸಿದ ಜಾಗ ದಾಖಲೆಯಲ್ಲಿ ಅರಣ್ಯವಾಗಿಯೇ ಉಳಿಯಿತು. ಅದನ್ನು ಬಿಡಿಸಿ ಹೊರಡಿಸಿದ ರಾಜ್ಯದ ಆದೇಶಗಳನ್ನು, ಕೇಂದ್ರದ ಒಪ್ಪಿಗೆ ಇಲ್ಲವೆಂಬ ಕಾರಣಕ್ಕೆ, ಹೈಕೋರ್ಟು 2021ರಲ್ಲಿ ರದ್ದುಮಾಡಿತು. ಅರವತ್ತು ವರ್ಷ ಉಳುಮೆ ಮಾಡಿದ ನೆಲದ ಪಹಣಿ ಇಲ್ಲದವರು ಇನ್ನೂ ಇದ್ದಾರೆ. ತುಮರಿ ಕಡೆಯವರಿಗೆ ಹಿನ್ನೀರು ದಾಟಲು ಲಾಂಚಿನ ಬದಲು ಸೇತುವೆ ಸಿಕ್ಕಿದ್ದು 2025ರ ಜುಲೈಯಲ್ಲಿ. ಸೇತುವೆ ಚೆಂದವಾಗಿದೆ, ತಡವಾಯಿತು ಅಷ್ಟೆ. ಹೊಸ ಯೋಜನೆಗೆ ಸಾವಿರಾರು ಕೋಟಿ ಹುಡುಕುವ ಮುನ್ನ, ಹಳೆಯ ಯೋಜನೆಯ ಸಂತ್ರಸ್ತರ ಜಮೀನಿನ ಕಡತಕ್ಕೆ ಕೇಂದ್ರದ ಒಪ್ಪಿಗೆ ಯಾವ ಹಂತದಲ್ಲಿದೆ ಎಂದು ತಾಲೂಕುವಾರು ತಿಳಿಸಿ.

ಹಾಗಾಗಿ ಮುಂದಿನ ಜೂನ್ 1ರ ಒಳಗೆ ನಮಗೆ ಬೇಕಾದ್ದು ಇಷ್ಟು: ಕಳೆದ ಐದು ವರ್ಷಗಳ ಗಂಟೆವಾರು ಉತ್ಪಾದನೆ ಮತ್ತು ನೀರಿನ ಬಳಕೆ, ದಿನಾಂಕವಾರು ಮಟ್ಟದ ನಿಯಮ, ತಲಕಳಲೆ ದಡದ ಅಳತೆಗಳು, ಗೇರುಸೊಪ್ಪೆಯಿಂದ ಕೆಳಕ್ಕೆ ಬಿಡುವ ಕನಿಷ್ಠ ಹರಿವು. ಅಲ್ಲಿಯವರೆಗೆ ಪಂಪ್ಡ್ ಸ್ಟೋರೇಜಿನ ಕೆಲಸ ಒಂದು ಹೆಜ್ಜೆಯೂ ಮುಂದೆ ಹೋಗಬಾರದು. ಜಾಲತಾಣದಲ್ಲಿ ಹಾಕಲು ತೊಡಕಿದ್ದರೆ ಕಾರ್ಗಲ್ ಬಸ್ ನಿಲ್ದಾಣದ ಗೋಡೆಗೆ ಅಂಟಿಸಿ. ಬಸ್ಸು ತಡವಾಗಿಯೇ ಬರುತ್ತದೆ, ನಿಂತು ಓದುವವರಿದ್ದಾರೆ.

ಇಂತಿ,
ಸಾಗರ, ಹೊಸನಗರ, ಹೊನ್ನಾವರ ತಾಲೂಕುಗಳ ಕೆಲವು ನಾಗರಿಕರು